ಎಲೆ ಉದುರಿದ ಕಾಲದಲ್ಲಿ

ಹಿರೇಕೆರೂರಿನಲ್ಲಿ ಬಸ್ಸಿಳಿದು ‘ಇಲ್ಲಿ ಪಾರ್ಕ್ ಎಲ್ಲೈತ್ರಿ?’ ಅಂತ ಕೇಳಿದೆ. ಚಹಾದಂಗಡಿಯವರು ನನ್ನ ಹೆಗಲಚೀಲವನ್ನೊಮ್ಮೆ ನೋಡಿ, ‘ಪಾರ್ಕ್ ಯಾಕ್ರೀ, ಕೆರಿ ದಂಡಿಗೆ ಹೋಗ್ರಿ’ ಅಂದರು. ಊರಿನ ಹೆಸರಲ್ಲೇ ಕೆರೆಯಿದೆ, ನಾನು ಗಮನಿಸಿರಲಿಲ್ಲ. ದುರ್ಗಾದೇವಿ ಕೆರೆಯ ದಂಡೆಯಲ್ಲಿ ಗಾಳಿ ತಣ್ಣಗಿತ್ತು. ವರ್ಷಕ್ಕೆರಡು ಸಲ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಲ್ಲುವವನು ನಾನು. ಉದ್ಯಾನವೆಂದರೆ ಗೇಟು, ಟಿಕೆಟ್ಟು, ‘ಹುಲ್ಲು ತುಳಿಯಬೇಡಿ’ ಎಂಬ ಫಲಕ ಎಂದೇ ತಲೆಯಲ್ಲಿ ಕೂತುಬಿಟ್ಟಿದೆ.

ಹಾನಗಲ್ಲಿನಲ್ಲಿ ಫಲಕವೂ ಸಿಕ್ಕಿತು, ಹುಲ್ಲೂ ಸಿಕ್ಕಿತು. ತಾರಕೇಶ್ವರ ಗುಡಿಯ ಸುತ್ತ ಪುರಾತತ್ವ ಇಲಾಖೆಯವರ ಹಸಿರು ಹಾಸು. ಆದರೆ ಆ ಊರಿನ ನಿಜವಾದ ಹೂವು ಗುಡಿಯೊಳಗೆ, ತಲೆಯ ಮೇಲಿದೆ: ಚಾಲುಕ್ಯರ ಕಾಲದ ಶಿಲ್ಪಿಗಳು ಛಾವಣಿಗೆ ತೂಗುಬಿಟ್ಟ ಕಲ್ಲಿನ ಕಮಲ. ಕುತ್ತಿಗೆ ನೋಯುವತನಕ ನೋಡಿ ಶಿಗ್ಗಾವಿಯ ಬಸ್ಸು ಹತ್ತಿದೆ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಹೆದ್ದಾರಿಯ ಮಗ್ಗುಲಿನ ಹಳ್ಳಿ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲೇ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇರುವುದೂ ಇಲ್ಲೇ. ರಾಕ್ ಗಾರ್ಡನ್ ಅಂದಕೂಡಲೇ ಚಂಡೀಗಢ ನೆನಪಾಗುತ್ತದೆ. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಆಯ್ದು ತಂದು, ಸರ್ಕಾರಿ ಜಾಗದಲ್ಲಿ ಯಾರಿಗೂ ಹೇಳದೆ ಗೊಂಬೆ ಮಾಡಿಟ್ಟ. 1976ರಲ್ಲಿ ಅದು ಜನರಿಗೆ ತೆರೆಯಿತು. ಊರು ಬಿಸಾಡಿದ ವಸ್ತುವನ್ನು ಅವನು ಎತ್ತಿಟ್ಟ. ಊರು ಬಿಟ್ಟುಕೊಟ್ಟ ಕೆಲಸಗಳನ್ನು ಸೊಲಬಕ್ಕನವರ ಎತ್ತಿಟ್ಟರು. ಆಳೆತ್ತರದ, ಬಣ್ಣ ಬಳಿದ ಸಿಮೆಂಟಿನ ಮೂರ್ತಿಗಳು ಸಾವಿರಕ್ಕೂ ಹೆಚ್ಚು: ಕಮ್ಮಾರ, ಬಡಿಗ, ಕುಂಬಾರ, ಹಾಲು ಕರೆಯುವವಳು, ಹೊಲದ ರೈತ. ಬಾಗಿಲ ಹತ್ತಿರ ಬಗೆಬಗೆಯ ಪಾತ್ರಗಳಲ್ಲಿ ನಿಂತ ಡಾ. ರಾಜಕುಮಾರ್, ಫೋಟೊ ತೆಗೆಯುವವರ ಗದ್ದಲವೆಲ್ಲ ಅಲ್ಲಿಯೇ.

ಒಳಗೆ ಒಬ್ಬ ಅಜ್ಜಿ ಮೊಮ್ಮಗಳ ಕೈಹಿಡಿದು ನಡೆಯುತ್ತಿದ್ದಳು. ರೈತನ ಮೂರ್ತಿಯೊಂದರ ಮುಂದೆ ನಿಂತು, ‘ನಿಮ್ಮ ಮುತ್ಯಾ ಹಿಂಗ ಕೂರಿಗಿ ಹೊಡೀತಿದ್ದ, ನಾ ಹಿಂದ ಕಾಳು ಬಿಡತಿದ್ದೆ’ ಅಂದಳು. ‘ಕೂರಿಗಿ ಅಂದ್ರ?’ ಅಂತ ಹುಡುಗಿ. ಅಜ್ಜಿ ಬಾಯಲ್ಲಿ ಹೇಳಲು ಹೋಗಿ ಸೋತಳು. ಸೆರಗು ಸೊಂಟಕ್ಕೆ ಸಿಗಿಸಿ, ಬಲಗೈ ಮುಷ್ಟಿ ಮಾಡಿ, ಬೆರಳ ಸಂದಿಯಿಂದ ಇಲ್ಲದ ಕಾಳನ್ನು ಒಂದೇ ಅಳತೆಯಲ್ಲಿ ಬಿಡುತ್ತ ಹತ್ತು ಹೆಜ್ಜೆ ನಡೆದಳು. ಹುಡುಗಿ ಮೊಬೈಲ್ ಹಿಡಿದಿದ್ದಳು, ಆದರೆ ತಿರುಗಿಸಿದ್ದು ಮೂರ್ತಿಯ ಕಡೆಗಲ್ಲ, ಅಜ್ಜಿಯ ಕಡೆಗೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಇದನ್ನು ನೋಡಲು ಅವರಿರಬೇಕಿತ್ತು.

ಸವಣೂರಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಊರು, ನವಾಬರ ಊರು, ವಿ.ಕೃ. ಗೋಕಾಕರು ಹುಟ್ಟಿದ ಊರು. ನಾನು ಬಂದದ್ದು ದೊಡ್ಡಹುಣಸೆ ಕಲ್ಮಠದ ಅಂಗಳಕ್ಕೆ. ದಾರಿ ತೋರಿಸಿದ ಹುಡುಗ ‘ಹುಣಸಿ ಗಿಡ ನೋಡಾಕ್ ಬಂದೀರೇನ್ರಿ?’ ಅಂದ. ಈ ಸೀಮೆಯಲ್ಲಿ ಮರಕ್ಕೆ ‘ಗಿಡ’ ಅನ್ನುವುದು ಗೊತ್ತಿದ್ದರೂ ಇದರ ಬುಡದಲ್ಲಿ ನಿಂತಾಗ ನಗು ಬಂತು. ಹತ್ತು ಮಂದಿ ಕೈಕೈ ಹಿಡಿದರೂ ತಬ್ಬುವುದು ಕಷ್ಟವಾದ ಗಿಡ!

ಅಂಥವು ಮೂರು. ಹುಣಸೆಯೂ ಅಲ್ಲ, ಬೂರುಗದ ಬಳಗದ, ಆಫ್ರಿಕಾ ಮೂಲದ ಬಾವೋಬಾಬ್. ಕಾಯಿಯೊಳಗಿನ ಒಣ ತಿರುಳು ಹುಳಿ, ಆ ಹೆಸರು ಅದರಿಂದ. ತೊಗಟೆ ಬೂದುಬಣ್ಣ, ಆನೆಯ ಚರ್ಮದ ಹಾಗೆ ಸುಕ್ಕುಸುಕ್ಕು. ಒಳಗಿನ ಮೆತ್ತನೆಯ ನಾರು ನೀರು ಹೀರಿಟ್ಟುಕೊಂಡು ಬೇಸಿಗೆ ದಾಟಿಸುತ್ತದೆ. ಬಿಳಿ ಹೂವು ರಾತ್ರಿ ಅರಳುತ್ತದೆ, ಬಾವಲಿಗಳಿಗಾಗಿ. ಯಾರು ತಂದು ನೆಟ್ಟರೋ, ಊರಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಕೃಷ್ಣನನ್ನೂ ಎಳೆದು ತರುತ್ತಾರೆ.

2023ರ ಮಳೆಗಾಲದಲ್ಲಿ ಮೂರರಲ್ಲೊಂದು ಬುಡಸಮೇತ ಉರುಳಿತು. ಸೌದೆಗೆ ಹೋಗಬೇಕಿದ್ದ ಅದನ್ನು ಕೊಂಬೆ ಸವರಿ, ಯಂತ್ರ ಹಚ್ಚಿ ಎತ್ತಿ, ಮತ್ತೆ ನೆಟ್ಟರು. ಉದ್ಯಾನದ ಲೆಕ್ಕದಲ್ಲಿ ನಾನು ಕಂಡ ದೊಡ್ಡ ಕೆಲಸ ಇದೇ. ಇಲ್ಲಿ ಕಾರಂಜಿಯಿಲ್ಲ, ಗಾಜಿನ ಮನೆಯಿಲ್ಲ, ಬಿದ್ದ ಮರವನ್ನು ಬಿಟ್ಟುಕೊಡದ ಹಟವಿತ್ತು.

ನಾನು ಹೋದದ್ದು ಎಲೆ ಉದುರಿದ ಕಾಲ. ಅಲ್ಲಾಡದೆ ನಿಂತದ್ದೂ ಬೋಳು, ಬಿದ್ದು ಎದ್ದದ್ದೂ ಬೋಳು. ತೊಗಟೆಯ ಮೇಲೆ ಯಾರೋ ಮೊಳೆಯಿಂದ ಗೀಚಿದ ಎರಡು ಹೆಸರು, ನಡುವೆ ಬಾಣ. ಬೆರಳಿಟ್ಟು ನೋಡಿದೆ, ಗೀರು ಇನ್ನೂ ಹಸಿಯಿತ್ತು.

‘ಮುಂಗಾರಿಗೆ ಬರ್ರಿ, ಅವಾಗ ಎಲಿ ಇರ್ತಾವ’ ಅಂದ ಹುಡುಗ. ನೀವೂ ಆಗಲೇ ಹೋಗಿ. ಮೊಳೆ ಮಾತ್ರ ಮನೆಯಲ್ಲೇ ಬಿಟ್ಟುಹೋಗಿ.