ಕಂಡಿಕೆ ಸುತ್ತುವವರ ಹೆಸರು

2009ರ ಬೇಸಿಗೆ. ಪತ್ರಿಕೋದ್ಯಮ ಓದುತ್ತಿದ್ದ ನಾನು ಯಾವುದಾದರೂ ಸಂಸ್ಥೆಯಲ್ಲಿ ಒಂದೂವರೆ ತಿಂಗಳು ಕೆಲಸ ಕಲಿತು ವರದಿ ಒಪ್ಪಿಸಬೇಕಿತ್ತು. ಗೆಳತಿಯರು ಬೆಂಗಳೂರು, ಹುಬ್ಬಳ್ಳಿಯ ಪತ್ರಿಕಾ ಕಚೇರಿಗಳಿಗೆ ಹೋದರು. ಅಷ್ಟು ದೂರ ಕಳಿಸಲು ಅಪ್ಪ ಒಪ್ಪಲಿಲ್ಲ. ಇಳಕಲ್‌ನಲ್ಲಿ ಖಾಲಾನ ಮನೆಯಿತ್ತು. ಅಲ್ಲಿನ ನೇಕಾರ ಕಾರ್ಮಿಕರ ಸಂಘವೊಂದರ ಪ್ರಚಾರ ವಿಭಾಗದಲ್ಲಿ ನನಗೆ ಜಾಗ ಸಿಕ್ಕಿತು. ಬಾಗಲಕೋಟೆಯಿಂದ ಹೊರಟ ಬಸ್ಸು ಅಮೀನಗಡ, ಹುನಗುಂದ ದಾಟಿ ಇಳಕಲ್ ಮುಟ್ಟುವವರೆಗೂ ‘ಇದೂ ಒಂದು ಪತ್ರಿಕೋದ್ಯಮವೇ?’ ಎಂಬ ಬೇಸರ ನನ್ನನ್ನು ಬಿಡಲಿಲ್ಲ.

ಪ್ರಚಾರ ವಿಭಾಗವೆಂದರೆ ಒಂದು ಮೇಜು, ‘ನುಡಿ’ ಹಾಕಿದ್ದ ಹಳೆಯ ಕಂಪ್ಯೂಟರ್, ವರದಿಗಾರರ ಫೋನ್ ನಂಬರ್ ಬರೆದಿಟ್ಟ ನೋಟ್‌ಬುಕ್, ಅಷ್ಟೆ. ಮೊದಲ ವಾರ ನಾನು ಬರೆದ ಕರಪತ್ರದ ತುಂಬ ‘ಶ್ರಮಜೀವಿಗಳ ಬದುಕು ದುಸ್ತರವಾಗಿದೆ’ ಎಂಬಂಥ ವಾಕ್ಯಗಳೇ. ಎಲ್ಲರೂ ಕಾಕಾ ಎನ್ನುತ್ತಿದ್ದ ಕಾರ್ಯದರ್ಶಿ ಓದಿ ನಕ್ಕರು. ‘ಮಗಳ, ಇದನ್ನ ಮಗ್ಗದ ಮುಂದ ಕುಂತು ಓದಿ ಬಾ’ ಎಂದರು.

ಓದಲು ಹೋದವಳು ನೋಡುತ್ತ ಕುಳಿತುಬಿಟ್ಟೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ನೂಲಿಗೆ ಬಣ್ಣ ಕೊಡಬೇಕು, ಹಾಸು ಸಿದ್ಧಮಾಡಬೇಕು, ಲಾಳಿಗೆ ಕಂಡಿಕೆ ಸುತ್ತಿಕೊಡಬೇಕು. ಮಗ್ಗದ ಸದ್ದು ಕೇಳುವ ಮೊದಲೇ ಎಷ್ಟೋ ಕೆಲಸ ಮುಗಿದಿರುತ್ತದೆ. ಅದರಲ್ಲಿ ಹೆಚ್ಚಿನದು ಮನೆಯ ಹೆಂಗಸರದು. ಬಾದಾಮಿ ಕಡೆ ಗುಳೇದಗುಡ್ಡದಲ್ಲಿ ಖಣ ನೇಯುವವರ ಮನೆಗಳಲ್ಲೂ ಇದನ್ನೇ ಕಂಡೆ. ನನ್ನ ಕರಪತ್ರದಲ್ಲಿ ಅವರ ಬಗ್ಗೆ ಒಂದು ಮಾತೂ ಇರಲಿಲ್ಲ.

ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ರಾಟೆಯ ಮುಂದಿದ್ದ ಐವತ್ತರ ಆಸುಪಾಸಿನ ಅಕ್ಕನೊಬ್ಬರು, ಕಂಡಿಕೆಯ ಕೂಲಿ ವರ್ಷಗಳಿಂದ ಏರಿಲ್ಲವೆಂದು ಹೇಳಿಕೊಂಡರು. ಅವರ ಹೆಸರು, ಓಣಿ ಎಲ್ಲವನ್ನೂ ಸೇರಿಸಿ ಪತ್ರಿಕೆಗೆ ಕಳಿಸಿದೆ. ಅಚ್ಚಾಯಿತು. ಕತ್ತರಿಸಿ ಖಾಲಾನಿಗೆ ತೋರಿಸಿ ಬೀಗಿದೆ.

ಮೂರನೆಯ ದಿನ ಆ ಅಕ್ಕ ಕಚೇರಿಗೆ ಬಂದರು. ಮಾಲಕರು ನೂಲು ಕೊಡುವುದನ್ನು ನಿಲ್ಲಿಸಿದ್ದರು. ‘ಪೇಪರಿನ್ಯಾಗ ಹೆಸರು ಬಂದೈತಲ್ಲ, ಕೂಲೀನೂ ಅಲ್ಲೇ ತಗೋ’ ಅಂದರಂತೆ. ಅಕ್ಕ ಜಗಳವಾಡಲಿಲ್ಲ. ‘ಹೆಸರು ಹಾಕ್ತೀನಂತ ಒಂದು ಮಾತು ಕೇಳಬಾರದಾಗಿತ್ತೇನವ್ವಾ?’ ಎಂದರು, ಅಷ್ಟೆ.

ನಾನು ಕೇಳಿರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಕಾಕಾ ಬೈಯಲಿಲ್ಲ. ನನ್ನನ್ನೂ ಕರೆದುಕೊಂಡು ಮೂರು ಸಂಜೆ ಮಾಲಕರ ಮನೆಗೆ ಹೋದರು. ಅವರು ಜಗ್ಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಆ ಅಕ್ಕನೇ: ‘ಒಬ್ಬಾಕಿ ಹೆಸರು ಬರದ್ರ ಒಬ್ಬಾಕಿ ನೂಲು ಬಂದ್ ಆಗತೈತಿ. ಓಣಿಯವರದೆಲ್ಲಾ ಬರಿ. ಎಷ್ಟು ಮಂದೀದು ನಿಲ್ಲಸ್ತಾರ ನೋಡೋಣು.’

ಈ ಸಲ ಮನೆಮನೆಗೆ ಹೋದೆ. ಹಿಂದೂಗಳ ಮನೆ, ಮುಸ್ಲಿಮರ ಮನೆ ಎನ್ನದೆ ಎಲ್ಲ ಕಡೆಯೂ ಮನವಿಯನ್ನು ಗಟ್ಟಿಯಾಗಿ ಓದಿ ಹೇಳಿ, ಒಪ್ಪಿದವರ ಹೆಸರನ್ನಷ್ಟೇ ಬರೆದುಕೊಂಡೆ. ಮೂವತ್ತನಾಲ್ಕು ಹೆಸರಾದವು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಮನವಿಯ ಒಂದು ಪ್ರತಿ ಮಾಲಕರಿಗೆ, ಇನ್ನೊಂದು ಬಾಗಲಕೋಟೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಯಿತು. ವಾರದೊಳಗೆ ಅಕ್ಕನ ಮನೆಗೆ ನೂಲು ಬಂತು. ಕೂಲಿ ಮಾತ್ರ ನಾನು ಊರು ಬಿಡುವವರೆಗೂ ಏರಿರಲಿಲ್ಲ.

ಮನೆಯಲ್ಲೇ ಕೂತು ದುಡಿಯುವವರಿಗೂ ಕಾರ್ಮಿಕರ ಹಕ್ಕುಗಳು ಸಿಗಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಪ್ಪಂದವೊಂದನ್ನು ಅಂಗೀಕರಿಸಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕಾರ್ಮಿಕರಿದ್ದಾರೆ. ಅವರಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ನೇಯುವವರಲ್ಲ, ನೇಯ್ಗೆಗೆ ಬೇಕಾದ ಪೂರಕ ಕೆಲಸ ಮಾಡುವವರು. ಆ ಅಂಕಿ ಓದಿದಾಗ ನನಗೆ ಇಳಕಲ್ಲಿನ ಆ ಓಣಿಯೇ ಕಣ್ಣೆದುರು ಬಂತು.

ಕಾಲೇಜಿಗೆ ಒಪ್ಪಿಸಬೇಕಿದ್ದ ವರದಿಯಲ್ಲಿ ‘ಮಾರ್ಗದರ್ಶಕರ ಹೆಸರು’ ಎಂಬ ಜಾಗವಿತ್ತು. ಕಾಕಾನ ಹೆಸರು ಬರೆದೆ. ಅದರ ಕೆಳಗೆ ಅಕ್ಕನ ಹೆಸರನ್ನೂ ಬರೆಯುವ ಆಸೆಯಾಗಿ, ಹೊರಡುವ ದಿನ ಹೋಗಿ ಕೇಳಿದೆ. ರಾಟೆ ನಿಲ್ಲಿಸದೆ ನಕ್ಕರು. ‘ಬ್ಯಾಡವ್ವಾ’ ಎಂದರು.

ಅದಕ್ಕೇ ಇಲ್ಲಿಯೂ ಬರೆದಿಲ್ಲ.