ಗಿರಣಿಯ ಊರಿನಿಂದ ಗಿರಣಿಯ ಊರಿಗೆ

ಪೋಲೆಂಡ್ ದೇಶದ ನಕ್ಷೆಯಲ್ಲಿ ಈ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದಿಕೊಂಡರೆ ‘ಲಾಡ್ಜ್’ ಎಂದಾಗುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನ ಎದುರಿಗೆ ಸಾಲಾಗಿ ನಿಂತ ಬೋರ್ಡಿಂಗ್ ಅಂಡ್ ಲಾಡ್ಜಿಂಗ್‌ಗಳು ನೆನಪಾಗಿ ನನಗೆ ನಗು ಬಂದಿತ್ತು. ಆದರೆ ಅಲ್ಲಿಯವರು ಹೇಳುವುದು ‘ವುಚ್’ ಎಂದು. ಅವರ ಭಾಷೆಯಲ್ಲಿ ಹಾಗೆಂದರೆ ದೋಣಿ. ಹೇಳಿಕೊಳ್ಳುವಂಥ ಒಂದು ದೊಡ್ಡ ನದಿಯೂ ಇಲ್ಲದ ಊರಿಗೆ ದೋಣಿ ಎಂಬ ಹೆಸರು ನೋಡಿ! ಊರಿನ ಲಾಂಛನದಲ್ಲೂ ಒಂದು ದೋಣಿಯೇ ಇದೆ.

ನನ್ನ ದೊಡ್ಡ ಮಗ ವಾರ್ಸಾದಲ್ಲಿ ಕಂಪ್ಯೂಟರ್ ಕಂಪನಿಯೊಂದರ ಕೆಲಸದಲ್ಲಿದ್ದಾನೆ. ಕಳೆದ ನವೆಂಬರ್‌ನಲ್ಲಿ ನಾನು ಮಗಳನ್ನು ಕರೆದುಕೊಂಡು ಅವನಲ್ಲಿಗೆ ಹೋದದ್ದು, ಅವನ ಸಂಸಾರ ನೋಡುವುದಕ್ಕೆ ಎಂದು ಊರಲ್ಲಿ ಹೇಳಿದ್ದೆ. ಅದು ನಿಜವೇ. ಆದರೆ ಇನ್ನೊಂದು ಕಾರಣವೂ ಇತ್ತು. ಮಗಳಿಗೆ ಸಿನಿಮಾ ನಿರ್ದೇಶನ ಓದಬೇಕೆಂಬ ಹಂಬಲ. ಬೆಂಗಳೂರಿನಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷ ಜಾಹೀರಾತು ಚಿತ್ರಗಳ ಎಡಿಟಿಂಗ್‌ನಲ್ಲಿ ದುಡಿದಿದ್ದಾಳೆ. ‘ಅಮ್ಮಾ, ಸೋಪಿನ ನೊರೆ ಎಷ್ಟು ಸೆಕೆಂಡ್ ಕಾಣಬೇಕು ಅನ್ನೋದನ್ನ ಕತ್ತರಿಸಿ ಕತ್ತರಿಸಿ ನನ್ನ ಆಯುಷ್ಯವೇ ಸವೀತಿದೆ’ ಎನ್ನುತ್ತಿದ್ದಳು. ಈ ವುಚ್ ಊರಿನ ಸಿನಿಮಾ ಶಾಲೆಯ ಹೆಸರು ಅವಳ ತಲೆಯಲ್ಲಿ ಹೊಕ್ಕು ಬಹಳ ದಿನವಾಗಿತ್ತು. ನೋಡದೆ ನಿರ್ಧರಿಸುವುದು ಬೇಡ, ಹೋಗಿ ನೋಡೋಣ ಎಂದೆ. ಹೆಣ್ಣು ಕೊಡುವಾಗ ಮನೆತನ ನೋಡಿ ಬರುವುದಿಲ್ಲವೇ? ಹಾಗೆ.

ವಾರ್ಸಾದಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. ಬಯಲು ಸೀಮೆ, ಬೋಳಾದ ಬರ್ಚ್ ಮರಗಳು ಬಿಟ್ಟರೆ ಕಣ್ಣಿಗೆ ಬೇರೇನೂ ಸಿಗದು. 2016ರಲ್ಲಿ ತೆರೆದ ಹೊಸ ನಿಲ್ದಾಣ ನೆಲದ ಕೆಳಗಿದೆ. ಎಸ್ಕಲೇಟರ್ ಹತ್ತಿ ಹೊರಗೆ ಬಂದರೆ ಕೆಂಪು ಇಟ್ಟಿಗೆಯ ಹಳೆಯ ವಿದ್ಯುತ್ ಕೇಂದ್ರ, ಅದರ ಚಿಮಣಿ. ಆ ಇಟ್ಟಿಗೆ, ಆ ಚಿಮಣಿ ಕಂಡದ್ದೇ ನನಗೆ ಗಂಟಲು ಕಟ್ಟಿದಂತಾಯಿತು. ನಾನು ದಾವಣಗೆರೆಯವಳು. ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದವರು. ಗಿರಣಿ ಕೂಗಿದರೆ ನಮ್ಮಮ್ಮ ಒಲೆ ಹಚ್ಚಬೇಕು, ಅದೇ ನಮ್ಮ ಗಡಿಯಾರ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ವುಚ್‌ಗೆ ಪೋಲೆಂಡಿನ ಮ್ಯಾಂಚೆಸ್ಟರ್ ಎಂಬ ಹೆಸರಿತ್ತಂತೆ! ಎರಡೂ ಕಡೆ ಗಿರಣಿಗಳು ಮುಚ್ಚಿದವು. ನಮ್ಮೂರಿಗೆ ಬೆಣ್ಣೆದೋಸೆ ಮತ್ತು ಮಂಡಕ್ಕಿಯ ಹೆಸರು ಉಳಿಯಿತು, ಅವರ ಊರಿಗೆ ಸಿನಿಮಾದ ಹೆಸರು. 2017ರಲ್ಲಿ ಯುನೆಸ್ಕೋ ಈ ಊರನ್ನು ಸಿನಿಮಾ ನಗರಗಳ ಪಟ್ಟಿಗೆ ಸೇರಿಸಿತು.

ಇನ್ನೂರು ವರ್ಷದ ಹಿಂದೆ ಸಾವಿರ ಜನರೂ ಇಲ್ಲದ ಹಳ್ಳಿಯಿದು. ನೂಲು, ಬಟ್ಟೆಯ ಗಿರಣಿಗಳು ಎದ್ದು 1900ರ ಹೊತ್ತಿಗೆ ಮೂರು ಲಕ್ಷದ ಆಸುಪಾಸು ಜನ ತುಂಬಿದರು. ಜರ್ಮನ್, ಯಹೂದಿ, ಪೋಲಿಷ್ ಮಾಲೀಕರು ಅರಮನೆಗಳನ್ನು ಕಟ್ಟಿಸಿಕೊಂಡರು. ಆಮೇಲೆ ಯುದ್ಧ. ನಾಜಿಗಳು ಇಲ್ಲಿಯ ಯಹೂದಿಗಳನ್ನು ಬೇಲಿಯೊಳಗೆ ಕೂಡಿಹಾಕಿ, ದುಡಿಸಿ, ರೈಲಿನಲ್ಲಿ ಸಾವಿನ ಶಿಬಿರಗಳಿಗೆ ಕಳಿಸಿದರು. ಆ ಜಾಗಕ್ಕೂ ಹೋದೆವು. ಅದರ ಬಗ್ಗೆ ಎರಡು ಸಾಲಿನಲ್ಲಿ ಬರೆಯುವುದು ನನ್ನಿಂದಾಗದು.

ಯುದ್ಧದಲ್ಲಿ ವಾರ್ಸಾ ನೆಲಸಮವಾಗಿತ್ತು, ವುಚ್‌ನ ಕಟ್ಟಡಗಳು ಬಹುಪಾಲು ನಿಂತಿದ್ದವು. ಆದ್ದರಿಂದಲೇ ಸಿನಿಮಾದವರೆಲ್ಲ ಇಲ್ಲಿಗೆ ಬಂದರು, 1948ರಲ್ಲಿ ಶಾಲೆ ಶುರುವಾಯಿತು. ತಾರ್ಗೋವಾ ಬೀದಿಯಲ್ಲಿ, ಗಿರಣಿ ಮಾಲೀಕನೊಬ್ಬನ ಮನೆಯಲ್ಲಿ. ಒಳಗೆ ಮರದ ಮೆಟ್ಟಿಲುಗಳಿವೆ. ಆ ಮೆಟ್ಟಿಲ ಮೇಲೆ ಕೂತು ಸಿನಿಮಾದ ಬಗ್ಗೆ ಜಗಳವಾಡುವುದು ಇಲ್ಲಿಯ ವಿದ್ಯಾರ್ಥಿಗಳ ಹಳೆಯ ಸಂಪ್ರದಾಯ. ಆಂದ್ಜೆ ವಾಯ್ದಾ ಓದಿದ್ದು ಇಲ್ಲಿ. ಈ ಊರಿನ ಗಿರಣಿ ಮಾಲೀಕರ ದುರಾಸೆಯ ಕಥೆಯನ್ನೇ ಅವರು 1975ರಲ್ಲಿ ‘ಪ್ರಾಮಿಸ್ಡ್ ಲ್ಯಾಂಡ್’ ಎಂದು ಚಿತ್ರ ಮಾಡಿದರು. ಕ್ಶಿಸ್ತೋಫ್ ಕೀಸ್ಲೋವ್‌ಸ್ಕಿ ಎರಡು ಸಲ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಮೂರನೆಯ ಸಲ, 1964ರಲ್ಲಿ, ಒಳಗೆ ಬಂದವರು. ಇಲ್ಲಿ ಓದಿದ ಹೆಣ್ಣುಮಗಳು ಮಾವ್‌ಗೋಜಾಟಾ ಶುಮೋವ್‌ಸ್ಕಾ 2015ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಬೆಳ್ಳಿ ಕರಡಿ ಪಡೆದರು. ಆ ಮೆಟ್ಟಿಲ ಮೇಲೆ ಮಗಳು ಐದು ನಿಮಿಷ ಸುಮ್ಮನೆ ಕೂತಳು. ಅವಳ ಮುಖ ನೋಡಿ ನನಗೆ, ಮನೆ ಅಡವಿಟ್ಟಾದರೂ ಸರಿ, ಇವಳನ್ನು ಕಳಿಸಿಯೇಬಿಡೋಣ ಅನ್ನಿಸಿಬಿಟ್ಟಿತು. ಬೇಡವೆನ್ನುವವರು ನಮ್ಮವರು, ಹೋಗಲಿ ಎನ್ನುವವಳು ನಾನು. ಇದು ಮನೆಯಲ್ಲಿ ಮೊದಲಿನಿಂದ ಇದ್ದದ್ದೇ.

ಅಲ್ಲಿ ಓದುತ್ತಿರುವ ಒಬ್ಬ ಹುಡುಗಿ ನಮಗಾಗಿ ಬಿಡುವು ಮಾಡಿಕೊಂಡು ಬಂದಿದ್ದಳು. ಲ್ಯಾಟಿನ್ ಅಮೆರಿಕದವಳು. ಮಧ್ಯಾಹ್ನ ಅವಳು ನಮ್ಮನ್ನು ‘ಮಿಲ್ಕ್ ಬಾರ್’ಗೆ ಕರೆದುಕೊಂಡು ಹೋದಳು. ಬಾರ್ ಎಂದಕೂಡಲೇ ನಾನು ಸೆರಗು ಸರಿಮಾಡಿಕೊಂಡೆ! ಹೆದರಬೇಡಿ, ಅಗ್ಗದ ಊಟದ ಮನೆಗೆ ಅಲ್ಲಿ ಹಾಗೆನ್ನುತ್ತಾರೆ, ಹಾಲು ಹಿಟ್ಟಿನ ಪದಾರ್ಥಗಳೇ ಹೆಚ್ಚು. ‘ಪ್ಯೆರೋಗಿ’ ಎಂಬ ಕಡುಬು ತರಿಸಿದಳು. ಮೈದಾ ಹಾಳೆಯೊಳಗೆ ಬೇಯಿಸಿದ ಆಲೂಗಡ್ಡೆ, ಪನೀರ್‌ನಂಥದ್ದು. ಮೇಲೆ ಹುರಿದ ಈರುಳ್ಳಿ. ನಮ್ಮಂಥವರು ಹಂದಿ ಕೊಬ್ಬು ಹಾಕಬೇಡಿ ಎಂದು ಮೊದಲೇ ಹೇಳಬೇಕು. ನಾನು ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಉದುರಿಸಿದೆ. ಆ ಹುಡುಗಿ ಎರಡು ತಟ್ಟೆ ಮುಗಿಸಿದಳು.

ಅವಳು ಹೇಳಿದ ಮಾತುಗಳನ್ನು ಇಲ್ಲಿ ಬರೆಯಬೇಕು. ಶಾಲೆಯ ಬಣ್ಣದ ಪುಸ್ತಿಕೆಗಳಲ್ಲಿ ಅವು ಸಿಗುವುದಿಲ್ಲ. ನಿರ್ದೇಶನದ ಓದು ಐದು ವರ್ಷ, ಪಾಠ ಪೋಲಿಷ್ ಭಾಷೆಯಲ್ಲಿ. ಅದಕ್ಕೆ ಮೊದಲು ಭಾಷೆ ಕಲಿಯಲು ಒಂದು ವರ್ಷ. ಪರದೇಶದವರಿಗೆ ಪೋಲಿಷ್ ಕಲಿಸುವ ಶಾಲೆಯೊಂದು ಇದೇ ಊರಿನಲ್ಲಿ 1952ರಿಂದ ನಡೆದಿದೆ. ‘ಮೊದಲ ವರ್ಷ ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ’ ಎಂದಳು. ಮೂರನೆಯ ವರ್ಷಕ್ಕೆ ಕನಸೂ ಪೋಲಿಷ್‌ನಲ್ಲಿ ಬೀಳತೊಡಗಿತಂತೆ. ಪಾಠದ ಬಗ್ಗೆ ಅವಳಿಗೆ ಒಂದು ದೂರೂ ಇಲ್ಲ. ಇಲ್ಲಿ ತಪ್ಪು ಮಾಡಲು ಬಿಡುತ್ತಾರೆ, ಚಿಕ್ಕ ಚಿತ್ರ ತೆಗೆ, ಕೆಡಿಸು, ಇನ್ನೊಂದು ತೆಗೆ. ಹೊರಗೆ ಯಾವ ನಿರ್ಮಾಪಕ ಅಷ್ಟು ಸಲ ಕೆಡಿಸಲು ಬಿಡುತ್ತಾನೆ? ಅದಕ್ಕೇ ನಾನು ದುಡ್ಡು ಕೊಡುತ್ತಿರುವುದು ಎಂದಳು.

‘ಮುಗಿದ ಮೇಲೆ?’ ಎಂದು ಕೇಳಿದವಳು ನನ್ನ ಮಗಳು.

ಆ ಹುಡುಗಿ ಚಮಚ ಕೆಳಗಿಟ್ಟಳು. ಇಲ್ಲಿಯ ಗೆಳೆಯರು ಇಲ್ಲಿಯೇ ಒಬ್ಬರಿಗೊಬ್ಬರು ಸೇರಿ ಚಿತ್ರ ಮಾಡುತ್ತಾರೆ, ಕ್ಯಾಮೆರಾದವನು, ಎಡಿಟರ್, ಸೌಂಡ್‌ನವಳು ಎಲ್ಲ ಒಂದೇ ಮೆಟ್ಟಿಲ ಮೇಲೆ ಕೂತವರು. ಇಲ್ಲಿಯ ಚಿತ್ರಗಳಿಗೆ ನೆರವು ಕೊಡಲು 2005ರಲ್ಲಿ ಹುಟ್ಟಿದ ಫಿಲ್ಮ್ ಸಂಸ್ಥೆಯೂ ಇದೆ. ನಾನು ನನ್ನ ಊರಿಗೆ ಹೋದರೆ ಅಲ್ಲಿ ನನಗೆ ಯಾರೂ ಇಲ್ಲ, ಆರು ವರ್ಷ ನಾನಿಲ್ಲದೆ ಅವರೆಲ್ಲ ತಮ್ಮ ತಮ್ಮ ಗುಂಪು ಕಟ್ಟಿಕೊಂಡಿದ್ದಾರೆ ಎಂದಳು. ಅಳುಮೋರೆ ಮಾಡಿ ಹೇಳಿದ್ದಲ್ಲ, ಲೆಕ್ಕ ಹೇಳುವ ಹಾಗೆ ಹೇಳಿದಳು.

ಊಟವಾದ ಮೇಲೆ ‘ಕ್ಶೆಂಝಿ ಮ್ವಿನ್’ ಎಂಬ ಬಡಾವಣೆಗೆ ನಡೆದೆವು. ಶೈಬ್ಲರ್ ಎಂಬ ಮಾಲೀಕ ಕಟ್ಟಿಸಿದ ಗಿರಣಿ, ಅದರೆದುರು ಕಾರ್ಮಿಕರ ಮನೆಗಳ ಸಾಲು, ಎಲ್ಲವೂ ಕೆಂಪು ಇಟ್ಟಿಗೆ. ಕಲ್ಲುಹಾಸಿನ ಬೀದಿ, ಒಂದು ಬೆಕ್ಕು, ಕಿಟಕಿಯಲ್ಲಿ ಹೂಕುಂಡ. ಜನ ಇನ್ನೂ ಆ ಮನೆಗಳಲ್ಲಿ ವಾಸವಾಗಿದ್ದಾರೆ. ಅವನ ಅರಮನೆ ಈಗ ಸಿನಿಮಾ ಮ್ಯೂಸಿಯಂ. ಮಗಳು ಗೋಡೆಗೆ ಕೈಯಿಟ್ಟು, ‘ಇವರು ಗಿರಣಿ ಕೆಡವಲಿಲ್ಲ ಅಮ್ಮಾ. ತಾತ ದುಡಿದ ಗಿರಣಿ ಎಲ್ಲಿತ್ತು ಅಂತ ನಾನು ಯಾರಿಗಾದರೂ ತೋರಿಸೋಕಾಗುತ್ತಾ?’ ಎಂದಳು. ನಾನೇನು ಹೇಳಲಿ? ಆ ಜಾಗದ ಗುರುತು ನನಗೇ ಸಿಗುವುದಿಲ್ಲ.

ಇನ್ನೊಂದು ದೊಡ್ಡ ಗಿರಣಿ 2006ರಿಂದ ಅಂಗಡಿ, ಹೋಟೆಲುಗಳ ಸಂಕೀರ್ಣವಾಗಿದೆ, ಹೆಸರು ‘ಮಾನುಫಾಕ್ತೂರಾ’. ಝಗಝಗಿಸುವ ಅಂಗಡಿ ನೋಡಿ ನನಗೇನೂ ಅನ್ನಿಸಲಿಲ್ಲ. ಆದರೆ ಆ ಗೋಡೆಗಳೊಳಗೆ ನಡೆದದ್ದನ್ನು ತಿಳಿದಾಗ ಮೈ ಜುಮ್ಮೆಂದಿತು. 1970ರ ಡಿಸೆಂಬರ್‌ನಲ್ಲಿ ಸರ್ಕಾರ ಆಹಾರದ ಬೆಲೆ ಏರಿಸಿತು. ಬಂದರು ಪಟ್ಟಣಗಳಲ್ಲಿ ಮುಷ್ಕರ ಹೂಡಿದ ಗಂಡಸರ ಮೇಲೆ ಗುಂಡು ಹಾರಿತು, ಬೆಲೆ ಇಳಿಯಲಿಲ್ಲ. 1971ರ ಫೆಬ್ರವರಿಯಲ್ಲಿ ಈ ಗಿರಣಿಯಿಂದ ಶುರುವಾಗಿ ವುಚ್‌ನ ನೂಲಿನ ಹೆಂಗಸರು ಮಗ್ಗ ನಿಲ್ಲಿಸಿದರು. ಪ್ರಧಾನಮಂತ್ರಿಯೇ ಓಡಿ ಬಂದು ಅವರೆದುರು ನಿಲ್ಲಬೇಕಾಯಿತು. ಕೆಲವೇ ದಿನದಲ್ಲಿ ಬೆಲೆ ಏರಿಕೆ ರದ್ದು! ಮನೆಯಲ್ಲಿ ಪಾತ್ರೆ ಖಾಲಿಯಿದ್ದರೆ ಅದರ ಸದ್ದು ಮೊದಲು ಕೇಳಿಸುವುದು ಹೆಂಗಸಿಗೇ ಅಲ್ಲವೇ?

ಕೀಸ್ಲೋವ್‌ಸ್ಕಿ ಶಾಲೆ ಮುಗಿಸುವಾಗ ಮಾಡಿದ ಕಿರುಚಿತ್ರವೊಂದು ಇದೇ ಊರಿನ ಬಗ್ಗೆ, ಇದೇ ಗಿರಣಿ ಹೆಂಗಸರ ಬಗ್ಗೆ. ಅಂದು ರಾತ್ರಿ ಹೋಟೆಲಿನಲ್ಲಿ ಮಗಳು ಅದನ್ನು ಫೋನಿನಲ್ಲಿ ತೋರಿಸಿದಳು. ಮಾತು ತಿಳಿಯಲಿಲ್ಲ, ಆದರೆ ಆ ಮುಖಗಳು ತಿಳಿದವು. ಹತ್ತಿಯ ಧೂಳು ಕೂತ ಕೂದಲು, ತಲೆವಸ್ತ್ರ, ಕೆಲಸದ ನಡುವೆ ಅರೆಗಳಿಗೆ ಸಿಕ್ಕರೆ ಬರುವ ಆ ನಗು. ‘ನಮ್ಮ ಹತ್ತಿರ ಇದ್ದವರಂತೆಯೇ ಇದ್ದಾರಲ್ಲೇ’ ಎಂದೆ. ಮಗಳು ಮಾತಾಡಲಿಲ್ಲ.

ಮಾರನೆಯ ದಿನ ಮಳೆ. ಅಲ್ಲಿ ಆ ತಿಂಗಳು ಮೂರೂವರೆಗೇ ಹೊತ್ತು ಮುಳುಗುತ್ತದೆ. ನಾಲ್ಕು ಕಿಲೋಮೀಟರಿಗೂ ಉದ್ದದ ಪ್ಯೋತ್ರ್‌ಕೋಫ್‌ಸ್ಕಾ ಬೀದಿಯ ಒಂದು ಕಾಫಿ ಅಂಗಡಿಯಲ್ಲಿ ಕೂತು ಮಗಳು ಕಾಗದದ ಮೇಲೆ ಲೆಕ್ಕ ಹಾಕತೊಡಗಿದಳು. ಓದಿನ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತಾರೆ; ನಮಗಿರುವುದು ಒಂದೇ ಮನೆ. ಓದು ಮುಗಿದು ಒಂದು ವರ್ಷಕ್ಕೆಲ್ಲ ಕಂತು ಶುರು. ಇಂಜಿನಿಯರ್ ಓದಿದವನಿಗೆ ಆ ಹೊತ್ತಿಗೆ ಸಂಬಳ ಬರುತ್ತದೆ. ಸಿನಿಮಾ ಓದಿದವಳಿಗೆ ಏನು ಬರುತ್ತದೆ? ‘ಕಂತು ಕಟ್ಟೋಕೆ ಮತ್ತೆ ಸೋಪಿನ ನೊರೆ ಕತ್ತರಿಸಬೇಕು ಅಮ್ಮಾ. ಇಪ್ಪತ್ತು ಸಾವಿರದ ಕಂತು ಇರೋಳು ಯಾವ ಸಿನಿಮಾ ಮಾಡಬೇಕು ಅಂತ ಆ ಕಂತೇ ಹೇಳುತ್ತೆ, ನಾನು ಹೇಳೋಕಾಗಲ್ಲ’ ಎಂದಳು.

ಈ ಮಾತನ್ನು ವಿದೇಶಕ್ಕೆ ಮಕ್ಕಳನ್ನು ಕಳಿಸಬೇಕೆಂದಿರುವ ತಾಯಂದಿರು ಗಮನಿಸಬೇಕು. ಸೀಟು ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತೇವೆ. ವಾಪಸು ಬಂದ ಮರುತಿಂಗಳು ಮಗುವಿನ ಕೈಯಲ್ಲಿ ಎಷ್ಟು ದುಡ್ಡು ಇರಬೇಕಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಯುರೋಪಿನಲ್ಲೇ ಶುಲ್ಕವನ್ನೂ ತಿಂಗಳ ಖರ್ಚನ್ನೂ ಕೊಡುವ ಎರಾಸ್ಮಸ್ ಮುಂಡಸ್ ಎಂಬ ವಿದ್ಯಾರ್ಥಿವೇತನವಿದೆ, ಅದರಡಿ ಸಾಕ್ಷ್ಯಚಿತ್ರ ಕಲಿಸುವ ಎರಡು ವರ್ಷದ ಸ್ನಾತಕೋತ್ತರ ಓದೂ ಇದೆ. ಅಂಥದ್ದು ಸಿಕ್ಕರೆ ಮಾತು ಬೇರೆ, ಕಣ್ಣುಮುಚ್ಚಿ ಕಳಿಸಿ. ಸಾಲದ ಮೇಲೆ ಹೋಗುವುದಾದರೆ ಕಣ್ಣು ತೆರೆದು ಕೂತು ಲೆಕ್ಕ ಹಾಕಿ.

ಹೋಗದಿದ್ದರೆ ಸಿನಿಮಾ ಬರುವುದಿಲ್ಲವೇ ಎಂದರೆ, ಹಾಗೇನೂ ಇಲ್ಲ. ನಮ್ಮ ಗಿರೀಶ ಕಾಸರವಳ್ಳಿಯವರು ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ, 1977ರಲ್ಲಿ ‘ಘಟಶ್ರಾದ್ಧ’ ಕೊಟ್ಟರು. ‘ಫಣಿಯಮ್ಮ’ ಮಾಡಿದ ಪ್ರೇಮಾ ಕಾರಂತರು ಓದಿದ್ದು ದೆಹಲಿಯ ನಾಟಕ ಶಾಲೆಯಲ್ಲಿ. ಮೈಸೂರಿನ ಕಡೆಯ ಡಾಕ್ಟರು ಚಿದಾನಂದ ನಾಯ್ಕ್ ಪುಣೆಯಲ್ಲಿ ಒಂದೇ ವರ್ಷದ ಟೆಲಿವಿಷನ್ ಕೋರ್ಸಿನಲ್ಲಿದ್ದಾಗ, ಮುದುಕಿಯೊಬ್ಬಳು ಊರಿನ ಹುಂಜ ಕದ್ದಳೆಂಬ ನಮ್ಮ ಜನಪದ ಕಥೆಯನ್ನು ಕನ್ನಡದಲ್ಲಿ ಮಾಡಿ, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದರು. ಅದೇ ವರ್ಷ ಅದೇ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಗೆದ್ದ ಪಾಯಲ್ ಕಪಾಡಿಯಾ ಕೂಡ ಪುಣೆಯವರೇ. ಅಸ್ಸಾಮಿನ ರೀಮಾ ದಾಸ್ ಯಾವ ಸಿನಿಮಾ ಶಾಲೆಗೂ ಹೋಗಲಿಲ್ಲ. ತನ್ನ ಹಳ್ಳಿಯ ಮಕ್ಕಳನ್ನಿಟ್ಟುಕೊಂಡು ತಾನೇ ಕ್ಯಾಮೆರಾ ಹಿಡಿದು 2017ರಲ್ಲಿ ‘ವಿಲೇಜ್ ರಾಕ್‌ಸ್ಟಾರ್ಸ್’ ಮಾಡಿದಳು.

ಆದರೂ ನನ್ನ ಮನಸ್ಸು ಆ ಮರದ ಮೆಟ್ಟಿಲ ಮೇಲೇ ಇತ್ತು. ‘ನಿನಗೆ ಆಸೆ ಇದ್ದರೆ ಮನೆ ಹೋಗಲಿ ಬಿಡು, ಅಪ್ಪನನ್ನು ನಾನು ಒಪ್ಪಿಸ್ತೀನಿ’ ಎಂದೆ. ಭಾಷಾ ಶಾಲೆಯ ಸೀಟಿಗೆ ಮುಂಗಡ ಕಟ್ಟಲು ಇನ್ನು ಹತ್ತೇ ದಿನವಿತ್ತು.

‘ಆಸೆ ಇದೆ ಅಮ್ಮಾ. ಇಲ್ಲ ಅಂದ್ರೆ ಸುಳ್ಳಾಗುತ್ತೆ’ ಎಂದಳು. ಸ್ವಲ್ಪ ಹೊತ್ತು ಕಿಟಕಿ ನೋಡಿದಳು. ‘ಈ ವರ್ಷ ಮುಂಗಡ ಕಟ್ಟೋದು ಬೇಡ. ಪುಣೆಯ ಪರೀಕ್ಷೆ ಬರೀತೀನಿ. ಅಲ್ಲಿ ಸಿಗೋ ಗೆಳೆಯರು ಬೆಂಗಳೂರಲ್ಲೋ ಕೇರಳದಲ್ಲೋ ಇರ್ತಾರೆ, ಕರೆದ್ರೆ ರಾತ್ರಿ ಬಸ್ಸು ಹತ್ತಿ ದಾವಣಗೆರೆಗೆ ಬರ್ತಾರೆ. ಇಲ್ಲಿಯವರು ಬರ್ತಾರಾ?’

ವಾರ್ಸಾದ ರೈಲಿನಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಅರ್ಧ ದಾರಿಯಲ್ಲಿ ತಟ್ಟನೆ ಕೇಳಿದಳು: ‘ತಾತನ ಗಿರಣಿಯಲ್ಲಿ ಹೆಂಗಸರು ಇದ್ದರಾ?’ ಇದ್ದರು, ನೂಲು ಸುತ್ತುವ ಕಡೆ ಇದ್ದರು ಎಂದೆ. ಈಗ ಯಾರಿದ್ದಾರೆ ಎಂದಳು. ನನಗೆ ಗೊತ್ತಿದ್ದ ಮೂವರಲ್ಲಿ ಇಬ್ಬರು ಹೋಗಿಬಿಟ್ಟರು. ಒಬ್ಬಾಕೆ ಹಳೇ ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಎಂಬತ್ತು ದಾಟಿದೆ, ನೆನಪು ಚೆನ್ನಾಗಿದೆ. ಕಿವಿ ಮಾತ್ರ ಆ ಯಂತ್ರದ ಸದ್ದಿಗೇ ಹೋಯಿತು, ಏನು ಕೇಳಬೇಕಾದರೂ ಹತ್ತಿರ ಕೂತು ಜೋರಾಗಿ ಕೇಳಬೇಕು ಎಂದು ಹೇಳಿದೆ. ಮಗಳು ಹಿಂದಿನ ದಿನದ ಲೆಕ್ಕದ ಕಾಗದ ತೆಗೆದು ಅದರ ಹಿಂಬದಿಯಲ್ಲಿ ಆಕೆಯ ಹೆಸರು ಬರೆದುಕೊಂಡಳು.