ತಾರಾಮತಿಯ ಮೀಸೆ

ಕಳೆದ ತಿಂಗಳು ಪುಣೆಯ ಲಾ ಕಾಲೇಜ್ ರಸ್ತೆಯ ಬಳಿಯ ಒಂದು ಸಲೂನಿನಲ್ಲಿ ನನ್ನ ಮೀಸೆ ಹೋಯಿತು. ಎಡಗಡೆ ಹೆಚ್ಚಾಯಿತೆಂದು ಎಡಕ್ಕೆ ಕತ್ತರಿ, ಈಗ ಬಲಗಡೆ ಹೆಚ್ಚಾಯಿತೆಂದು ಬಲಕ್ಕೆ ಕತ್ತರಿ. ಹೀಗೇ ತೂಗಿ ತೂಗಿ ಕೊನೆಗೆ ಹುಡುಗ, "ಸಾಹೇಬ್, ಕಾಢೂನ್ ಟಾಕೂ?" ಎಂದ. ತೆಗೆದೇ ಬಿಡಪ್ಪಾ ಎಂದೆ.

ಮೆಟ್ಟಿಲಲ್ಲಿ ಎದುರಾದ ಕೆಳಮನೆಯ ಕಾಕಾ ನನ್ನ ಮುಖ ನೋಡಿದವರೇ ಹಾಲಿನ ಚೀಲ ಕೆಳಗಿಟ್ಟು, ದನಿ ತಗ್ಗಿಸಿ, "ಕಧೀ?" ಎಂದು ಕೇಳಿದರು. ಯಾವಾಗ, ಅಂತ. ಅವರು ಕೇಳಿದ್ದು ಏನೆಂದು ಹೊಳೆಯುವ ಹೊತ್ತಿಗೆ ನಾನು ಮನೆಯೊಳಗಿದ್ದೆ. ಸಂಜೆ ಧಾರವಾಡಕ್ಕೆ ವಿಡಿಯೊ ಕಾಲ್ ಮಾಡಿದರೆ ಅಪ್ಪ ಕನ್ನಡಕ ಏರಿಸಿ ದಿಟ್ಟಿಸಿ, "ಯಾಕೋ ತಮ್ಮಾ, ನಾ ಇನ್ನೂ ಇದ್ದೀನಲ್ಲೋ!" ಎಂದರು.

ದಾದಾಸಾಹೇಬ ಫಾಲ್ಕೆಯವರ ಕಷ್ಟ ನನಗೆ ಸರಿಯಾಗಿ ತಿಳಿದದ್ದು ಆವತ್ತೇ. 1912ರಲ್ಲಿ ದಾದರಿನಲ್ಲಿ 'ರಾಜಾ ಹರಿಶ್ಚಂದ್ರ' ಸಿನಿಮಾ ತೆಗೆಯಲು ಹೊರಟಾಗ ಹೆಣ್ಣು ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಸೀರೆ ಉಡಲು ಬಂದ ಗಂಡಸರು ಉಟ್ಟಾರು, ಮೀಸೆ ಮಾತ್ರ ಬಿಡಲೊಲ್ಲರು. ಅಪ್ಪ ಬದುಕಿರುವಾಗ ಮೀಸೆ ತೆಗೆಯುವುದುಂಟೆ? ಇಡೀ ಭಾರತೀಯ ಚಿತ್ರರಂಗ ಆವತ್ತು ಒಂದು ಕ್ಷೌರದ ಕತ್ತಿಗೆ ಕಾದು ಕೂತಿತ್ತು ಎಂದೇ ನನ್ನ ವಾದ. ಕೊನೆಗೆ ತಾರಾಮತಿ ಸಿಕ್ಕಿದ್ದು ಗ್ರಾಂಟ್ ರೋಡಿನ ಹೋಟೆಲೊಂದರ ಅಡುಗೆಮನೆಯಲ್ಲಿ: ಅಣ್ಣಾ ಸಾಳುಂಕೆ. (ನಮ್ಮ ಚಂದ್ರಮತಿಯೇ ಅಲ್ಲಿ ತಾರಾಮತಿ. ಕನ್ನಡ ಚಿತ್ರದ ಪಂಢರಿಬಾಯಿಯವರನ್ನು ಕಣ್ಣಲ್ಲಿಟ್ಟುಕೊಂಡವರು ಕೊಂಚ ಸುಧಾರಿಸಿಕೊಳ್ಳಬೇಕು.)

ಇದೇ ಕಥೆ ಹೇಳುವ ಪರೇಶ್ ಮೊಕಾಶಿಯವರ ಮರಾಠಿ ಚಿತ್ರ 'ಹರಿಶ್ಚಂದ್ರಾಚಿ ಫ್ಯಾಕ್ಟರಿ' 2010ರಲ್ಲಿ ತೆರೆಕಂಡಾಗ ಇದೇ ಊರಿನಲ್ಲಿ ಎರಡು ಸಲ ನೋಡಿದ್ದೆ. ಚಿತ್ರರಂಗದ ಪಿತಾಮಹ ಎಂದರೆ ನಮ್ಮವರು ಮೊದಲು ಹಾರ ತರುತ್ತಾರೆ, ಆಮೇಲೆ ಶೋಕದ ಸಂಗೀತ. ಮೊಕಾಶಿ ಎರಡನ್ನೂ ಮಾಡಲಿಲ್ಲ. ಅವರ ಫಾಲ್ಕೆ, ನಂದು ಮಾಧವ್, ಚಾಪ್ಲಿನ್ನನ ದಾಯಾದಿಯಂತೆ ಓಡಾಡುತ್ತಾ, ಮನೆಯ ಸಾಮಾನನ್ನೆಲ್ಲ ನಗುನಗುತ್ತಲೇ ಮಾರುತ್ತಾರೆ. ಹೆಂಡತಿ ಸರಸ್ವತಿಬಾಯಿಯೂ ಗೋಳಿಡುವುದಿಲ್ಲ, ಜೊತೆಗೂಡುತ್ತಾರೆ. ಸಿನಿಮಾದಲ್ಲಿ ಕೆಲಸ ಎಂದರೆ ಮಾನ ಹೋಗುವ ಕಾಲ. ಯಾರಾದರೂ ಕೇಳಿದರೆ ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿದ್ದೇವೆ ಎನ್ನಿ ಎಂದು ಫಾಲ್ಕೆ ಹೇಳಿಕೊಡುತ್ತಾರೆ. ಸತ್ಯಹರಿಶ್ಚಂದ್ರನ ಹೆಸರಿನಲ್ಲೇ ಸುಳ್ಳು! ಹಿರಿಯರನ್ನು ಹೀಗೆ ಕಿಚಾಯಿಸಬೇಕಾದರೆ ಅವರ ಮೇಲೆ ಬಹಳ ಪ್ರೀತಿ ಇರಬೇಕು. 2009ರಲ್ಲೇ ಆ ಚಿತ್ರವನ್ನು ಆಸ್ಕರಿಗೂ ಕಳಿಸಿದ್ದರು. ಅದೇನು ದೊಡ್ಡ ಮಾತಲ್ಲ.

ನನ್ನ ಮೀಸೆ ಹೋದ ಆ ರಸ್ತೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, 1964ರದು. ಅದನ್ನು ಕಟ್ಟಿದ ಪಿ.ಕೆ. ನಾಯರ್ ಹುಡುಕಿ ತಂದು ಉಳಿಸಿದ್ದರಿಂದ 'ರಾಜಾ ಹರಿಶ್ಚಂದ್ರ'ದ ನಾಲ್ಕು ರೀಲುಗಳಲ್ಲಿ ಮೊದಲನೆಯದೂ ಕೊನೆಯದೂ ನಮಗೆ ದಕ್ಕಿವೆ. ಅವು 1913ರವಲ್ಲ, 1917ರಲ್ಲಿ ಮತ್ತೆ ತೆಗೆದವು ಎನ್ನುವವರೂ ಇದ್ದಾರೆ. ನನಗೆ ಆ ಜಗಳ ಬೇಡ. ಮೀಸೆ ಹೋದ ರಾತ್ರಿ ಆ ರೀಲುಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. ಕೊಳದಲ್ಲಿ ತಾರಾಮತಿ ಮತ್ತು ಸಖಿಯರ ಜಲಕ್ರೀಡೆ. ಒದ್ದೆ ಸೀರೆಯ ಅಷ್ಟೂ ಜನ ಗಂಡಸರೇ. ನಾನು ನೋಡಿದ್ದು ಮೇಲ್ದುಟಿಗಳನ್ನು ಮಾತ್ರ.

1917ರಲ್ಲೇ ಬಂದ 'ಲಂಕಾ ದಹನ'ದಲ್ಲಿ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ರಾಮನಿಗೂ ಮೀಸೆ ಇಲ್ಲದ್ದು ಪುಣ್ಯ.

ನನ್ನದು ಬರುತ್ತಿದೆ. ಎಷ್ಟು ಬಂತು ಎಂದು ಅಪ್ಪ ದಿನಾ ಫೋನು ಮಾಡಿ ಕೇಳುತ್ತಾರೆ.